ಏಷ್ಯಾ ಗೆದ್ದ ಶಾಲಾ ಮಾಸ್ತರರು

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ, ನನ್ನ ಸಾಫ್ಟ್‌ವೇರ್ ಕೆಲಸದ ಬಗ್ಗೆ ಬರೆಯುವುದಕ್ಕಿಂತ ಒಬ್ಬ ಮಾಸ್ತರರ ಬಗ್ಗೆ ಬರೆಯುವುದೇ ಸರಿ ಎನಿಸಿತು. ಅವರು ನಮ್ಮ ಶಾಲೆಯವರಲ್ಲ. ಆದರೆ ನಮ್ಮ ಸೀಮೆಗೆ ತೀರಾ ಹೊರಗಿನವರೂ ಅಲ್ಲ.

ಸೈಯದ್ ಅಬ್ದುಲ್ ರಹೀಮ್ 1909ರಲ್ಲಿ ಹುಟ್ಟಿದರು. ಊರು ಹೈದರಾಬಾದ್. ಆಗ ಆಳಂದ, ಅಫಜಲಪುರ, ಜೇವರ್ಗಿ ಎಲ್ಲವೂ ನಿಜಾಮರ ಸಂಸ್ಥಾನದಲ್ಲೇ ಇದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಫುಟ್‌ಬಾಲ್ ಆಡಿದ ರಹೀಮರು ಮುಂದೆ ಶಾಲಾ ಶಿಕ್ಷಕರಾದರು, ದೈಹಿಕ ಶಿಕ್ಷಣದ ತರಬೇತಿಯನ್ನೂ ಪಡೆದರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಆ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ಸಲ ಗೆದ್ದಿತು.

ಅವರು ಕಲಿಸುವ ರೀತಿಯೇ ಬೇರೆ. ಬಲಗಾಲಿನಲ್ಲೇ ಒದೆಯುವವನಿಗೆ ಎಡಗಾಲಿನಲ್ಲಿ ಮಾತ್ರ ಆಡುವ ಪಂದ್ಯ ಇಡುತ್ತಿದ್ದರು. ಚೆಂಡನ್ನು ತನ್ನ ಬಳಿಯೇ ಇಟ್ಟುಕೊಂಡು ಓಡುವಂತಿಲ್ಲ, ಜೊತೆಗಾರನಿಗೆ ಕೊಡಲೇಬೇಕು ಎಂಬ ನಿಯಮದ ಪಂದ್ಯಗಳೂ ಇದ್ದವು.

1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ಭಾರತ ತಂಡ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು 10-1ರ ಸೋಲು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮರುತಿಂಗಳು ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮರ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿ, ನಾಲ್ಕನೆಯ ಸ್ಥಾನ ಪಡೆಯಿತು.

1962ರಲ್ಲಿ ಜಕಾರ್ತಾಕ್ಕೆ ಹೋಗುವ ಹೊತ್ತಿಗೆ ಅವರಿಗೆ ಕ್ಯಾನ್ಸರ್ ಆಗಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾದ ಎದುರು ಸೋಲು. ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ, ಮೈದಾನದ ತುಂಬ ಭಾರತದ ವಿರುದ್ಧ ಕೂಗುವ ಜನ. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗರನ್ನು ರಹೀಮರು ಮುಂಚೂಣಿಯಲ್ಲಿ ಆಡಿಸಿದರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. 2-1ರಿಂದ ಚಿನ್ನ ನಮ್ಮದಾಯಿತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಆಮೇಲೆ ನಮಗೆ ಸಿಕ್ಕಿಲ್ಲ. 1963ರ ಜೂನ್ 11ರಂದು ರಹೀಮರು ತೀರಿಕೊಂಡರು. 1960ರ ರೋಮ್ ಒಲಿಂಪಿಕ್ ತಂಡದಲ್ಲಿದ್ದ ಅವರ ಮಗ ಎಸ್.ಎಸ್. ಹಕೀಮ್ 2021ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲೇ.

ನಾನೂ ಇದೇ ಕರಿಮಣ್ಣಿನ ಮೈದಾನದಲ್ಲಿ ಬರಿಗಾಲಲ್ಲಿ ಆಡಿದವನು. ಹತ್ತನೆಯ ತರಗತಿಗೆ ಬಂದಾಗ ಗಣಿತಕ್ಕಾಗಿ ಆಟದ ಪಿರಿಯಡ್ ನಾನೇ ಬಿಟ್ಟೆ. ಮಾರ್ಕ್ಸ್ ಬಂತು, ಬಿ.ಇ. ಆಯಿತು, ಬೆಂಗಳೂರಲ್ಲಿ ನೌಕರಿಯೂ ಸಿಕ್ಕಿತು. ಆದರೆ ಎಲ್ಲ ಕೆಲಸವನ್ನೂ ನಾನೊಬ್ಬನೇ ಮಾಡಿ ಮುಗಿಸಬೇಕೆಂಬ ಹಟದಿಂದ ನೌಕರಿಯ ಮೊದಲ ವರ್ಷಗಳಲ್ಲಿ ಬಹಳ ಪೆಟ್ಟು ತಿಂದೆ. ಜೊತೆಗಾರನಿಗೆ ಚೆಂಡು ಕೊಡುವುದನ್ನು ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ. ಅದನ್ನು ಹದಿನೈದಕ್ಕೇ ಇಲ್ಲಿ ಕಲಿಯಬಹುದಿತ್ತು.

ಅದಕ್ಕೇ ಗುರುಗಳಲ್ಲಿ, ಊರ ಹಿರಿಯರಲ್ಲಿ ನನ್ನದೊಂದು ವಿನಂತಿ. ಹತ್ತನೆಯ ತರಗತಿಯ ಮಕ್ಕಳಿಗೂ ಆಟದ ಪಿರಿಯಡ್ ಇರಲಿ. ಚೆಂಡು, ಬೂಟುಗಳ ಖರ್ಚನ್ನು ನಾವು ಹಳೆಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತೇವೆ.