ನೇತ್ರವೈದ್ಯ ಡಾ. ಎಂ. ಸಿ. ಮೋದಿ

ಕಣ್ಣಿನ ಪೊರೆ ಒಂದೇ ದಿನದಲ್ಲಿ ಬರುವ ರೋಗವಲ್ಲ. ಕಣ್ಣಿನೊಳಗಿನ ತಿಳಿಯಾದ ಮಸೂರವು ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಮಂಜಾಗುತ್ತ ಹೋಗುತ್ತದೆ. ನೋವಿಲ್ಲದ ಕಾರಣ ರೋಗಿಯು ಅದನ್ನು ಮುಪ್ಪಿನ ಫಲವೆಂದೇ ತಿಳಿದು ಸುಮ್ಮನಿರುತ್ತಾನೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಂತಹ ಊರುಗಳಲ್ಲಿ, ಬಾಳೆಲ್ಲ ತೆಂಗಿನ ತೋಟದಲ್ಲಿ ದುಡಿದ ಮುದುಕನಿಗೆ ಮರದಡಿ ಬಿದ್ದ ಕಾಯಿಯೂ ಕಾಣದಂತಾದಾಗ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯು ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿತ್ತು. ಪ್ರಯಾಣದ ಖರ್ಚು, ಕೈಹಿಡಿದು ಕರೆದೊಯ್ಯುವವರ ಕೂಲಿಯ ನಷ್ಟ, ಶಸ್ತ್ರಚಿಕಿತ್ಸೆಯ ಭಯ, ಇವು ಮೂರೂ ಸೇರಿ ಅಂಥವರನ್ನು ಜಗಲಿಯಲ್ಲಿಯೇ ಉಳಿಸುತ್ತಿದ್ದವು. ರೋಗಿಯು ವೈದ್ಯನ ಬಳಿಗೆ ಬರಲಾರನಾದರೆ ವೈದ್ಯನೇ ರೋಗಿಯ ಊರಿಗೆ ಹೋಗಬೇಕೆಂದು ನಂಬಿ, ಹಾಗೆಯೇ ನಡೆದವರು ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ.

ಮೋದಿಯವರು 1916ರಲ್ಲಿ ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದರು. ನೇತ್ರಚಿಕಿತ್ಸೆಯಲ್ಲಿ ಪರಿಣತರಾದ ಮೇಲೆ, ನಗರದಲ್ಲಿ ನೆಲೆನಿಂತು ಧನಸಂಪಾದನೆ ಮಾಡುವ ಅವಕಾಶವಿದ್ದರೂ ಅವರ ಮನಸ್ಸು ಹಳ್ಳಿಗಳತ್ತ ತಿರುಗಿತು. 1943ರಲ್ಲಿ ಗುಜರಾತಿನ ಪಾಟಣದಲ್ಲಿ ಸಾಮೂಹಿಕ ನೇತ್ರಶಿಬಿರವನ್ನು ನಡೆಸಿದರು. ಅಂದಿನಿಂದ ಊರಿಂದೂರಿಗೆ ಸಾಗುವುದೇ ಅವರ ವೃತ್ತಿಯಾಯಿತು.

ಶಿಬಿರದ ದಿನಗಳಲ್ಲಿ ಊರಿನ ಶಾಲೆ, ಛತ್ರಗಳೇ ಆಸ್ಪತ್ರೆಗಳಾಗುತ್ತಿದ್ದವು. ಊರವರು ರೋಗಿಗಳಿಗೆ ಅನ್ನ, ಹಾಸಿಗೆಗಳನ್ನು ಒದಗಿಸುತ್ತಿದ್ದರು. ಸಹಾಯಕರು ರೋಗಿಗಳನ್ನು ಅಣಿಗೊಳಿಸುವುದು, ಪಟ್ಟಿ ಕಟ್ಟುವುದು ಮೊದಲಾದ ಕೆಲಸಗಳನ್ನು ಹಂಚಿಕೊಂಡಿದ್ದರಿಂದ, ಮೋದಿಯವರು ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಯ ಬಳಿಗೆ ತಡವಿಲ್ಲದೆ ಸಾಗಬಹುದಾಗಿತ್ತು. ಒಂದೇ ದಿನ 833 ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಅವರು ಮಾಡಿದುದು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ. ಅದೇ ದಾಖಲೆಯಂತೆ 1993ರ ವೇಳೆಗೆ ಅವರು 46,120 ಹಳ್ಳಿಗಳನ್ನು ಸಂದರ್ಶಿಸಿ, ಒಟ್ಟು 6,10,564 ಶಸ್ತ್ರಚಿಕಿತ್ಸೆಗಳನ್ನು ನೆರವೇರಿಸಿದ್ದರು. ಭಾರತ ಸರ್ಕಾರವು ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನಿತ್ತು ಗೌರವಿಸಿತು.

ಈ ಪದ್ಧತಿಗೆ ಮಿತಿಗಳೂ ಇದ್ದವು. ಅಂದಿನ ಶಸ್ತ್ರಚಿಕಿತ್ಸೆಯಲ್ಲಿ ಮಸೂರವನ್ನು ತೆಗೆದುಹಾಕುತ್ತಿದ್ದುದರಿಂದ ರೋಗಿಗೆ ದಪ್ಪ ಕನ್ನಡಕವು ಅನಿವಾರ್ಯವಾಗಿತ್ತು. ಅದು ಒಡೆದರೆ ಮತ್ತೆ ಮಂಜೇ ಗತಿ. ವೈದ್ಯರು ಮುಂದಿನ ಊರಿಗೆ ಹೊರಟ ಮೇಲೆ ಕಣ್ಣು ಕೆಂಪಾದರೆ ನೋಡುವವರು ಹತ್ತಿರದಲ್ಲಿ ಇರುತ್ತಿರಲಿಲ್ಲ. ತಾತ್ಕಾಲಿಕ ಶಿಬಿರಗಳಲ್ಲಿ ಸೋಂಕಿನ ಅಪಾಯವೂ ಹೆಚ್ಚು. ಆದುದರಿಂದ ಮುಂದೆ ಕ್ರಮವು ಬದಲಾಯಿತು. ಈಗ ಹಳ್ಳಿಯಲ್ಲಿ ತಪಾಸಣೆ ನಡೆಸಿ, ಪೊರೆಯುಳ್ಳವರನ್ನು ಆಸ್ಪತ್ರೆಗೆ ಕರೆದೊಯ್ದು ಕಣ್ಣಿನೊಳಗೇ ಕೃತಕ ಮಸೂರವನ್ನು ಕೂಡಿಸುತ್ತಾರೆ.

ಮೋದಿಯವರು 2005ರ ನವೆಂಬರ್ 11ರಂದು ತೀರಿಕೊಂಡರು. ಅವರು ಬಳಸಿದ ಶಸ್ತ್ರಕ್ರಮ ಹಳೆಯದಾಗಿದೆ. ಆದರೆ ಕಾಣದವನ ಮನೆಬಾಗಿಲಿಗೆ ವೈದ್ಯನು ತಾನಾಗಿ ನಡೆದುಬರಬೇಕೆಂಬ ಅವರ ನಿಷ್ಠೆ ಹಳೆಯದಾಗಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂತಹ, ನೋವು ತೋರದೆ ವರ್ಷಗಟ್ಟಲೆ ಬೆಳೆಯುವ ರೋಗಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಅದರ ಅಗತ್ಯ ಇನ್ನೂ ಹೆಚ್ಚಾಗಿದೆ.