ಏಳು ತಂತಿಯ ಚೌಡಯ್ಯನವರು

ಸಂಗೀತದ ವಿಷಯವಾಗಿ ಬರೆಯಲು ನನಗೆ ಅಧಿಕಾರವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಾಗಗಳನ್ನು ಹೆಸರು ಹಿಡಿದು ಗುರುತಿಸಲಾರೆ. ತಾಳ ಹಾಕುವಾಗ ಪಕ್ಕದವರ ಕೈಯನ್ನು ನೋಡಿಕೊಳ್ಳುವವನು ನಾನು. ಹೀಗಿದ್ದೂ ಪಿಟೀಲು ವಿದ್ವಾನ್ ತಿರುಮಕೂಡಲು ಚೌಡಯ್ಯನವರ ವಿಷಯ ಬರೆಯಬೇಕೆನ್ನಿಸಿದ್ದಕ್ಕೆ ಕಾರಣ ಎರಡು: ಒಂದು ಕೆಟ್ಟ ಗಿಟಾರು, ಮತ್ತು ನಮ್ಮ ಅಪ್ಪಯ್ಯ ಕೇಳಿದ ಒಂದು ಪ್ರಶ್ನೆ.

ಎಳ್ಳಮಾವಾಸ್ಯೆ ಜಾತ್ರೆಯ ಸಮಯದಲ್ಲಿ ತೀರ್ಥಹಳ್ಳಿಯಲ್ಲಿ ನಾವು ನಾಲ್ವರು ಗೆಳೆಯರು ಸೇರಿ ಒಂದು ಸಣ್ಣ ವಾದ್ಯಗೋಷ್ಠಿ ನಡೆಸಿದೆವು. ನನ್ನ ಪಾಲಿಗೆ ಬಂದದ್ದು ಹೊಸನಗರದ ಗೆಳೆಯನೊಬ್ಬನ ಕೈಯಿಂದ ಕೊಂಡ ಹಳೆಯ ವಿದ್ಯುತ್ ಗಿಟಾರು. ಕೊನೆಕೊಯ್ಲಿನ ದಿನಗಳವು; ಅಪ್ಪಯ್ಯ ಒಂದು ದಿನದ ಕೂಲಿ ಬಿಟ್ಟು, ಹೊಸನಗರದ ಆಚೆಯ ನಮ್ಮ ಹಳ್ಳಿಯಿಂದ ಬಸ್ಸು ಹಿಡಿದು ಬಂದಿದ್ದರು. ಮುಂದೆ ಕುರ್ಚಿಗಳು ಖಾಲಿಯಿದ್ದರೂ ಅವರು ಹಿಂದೆಯೇ ನಿಂತರು. ಆಟವಾಗಲಿ, ಸಭೆಯಾಗಲಿ, ನಮ್ಮ ಮನೆಯವರು ನಿಂತು ಅಭ್ಯಾಸವಾದ ಜಾಗ ಅದು. ಮರಳಿ ಬರುವಾಗ ಅವರು ಬಹಳ ಸಂಕೋಚದಿಂದ, ನಾನು ನಿಜವಾಗಿ ಬಾರಿಸುತ್ತಿದ್ದೆನೋ ಅಥವಾ ಬರಿದೇ ಬೆರಳಾಡಿಸುತ್ತಿದ್ದೆನೋ ಎಂದು ಕೇಳಿದರು. ಹಾಡಿದವನ ದನಿ ಕೇಳಿಸಿತ್ತು, ಡ್ರಮ್ಮು ಕೇಳಿಸಿತ್ತು. ಮಗನ ವಾದ್ಯ ಮಾತ್ರ ಹಿಂದಿನವರೆಗೆ ಬಂದಿರಲಿಲ್ಲ.

ದೋಷ ಪಿಕಪ್ಪಿನದು. ವಿದ್ಯುತ್ ಗಿಟಾರಿಗೆ ನಮ್ಮ ವೀಣೆಗಿರುವಂತೆ ಪೊಳ್ಳು ಕೊಡವಿಲ್ಲ. ಅದರ ಮೈ ಸಾಧಾರಣವಾಗಿ ಗಟ್ಟಿ ಮರದ ಹಲಗೆ. ತಂತಿಗಳ ಕೆಳಗೆ, ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಕೂರಿಸಿದ ಒಂದು ಚಿಕ್ಕ ಪೆಟ್ಟಿಗೆಯಿರುತ್ತದೆ. ಅದೇ ಪಿಕಪ್. ಮೇಲಿನ ಉಕ್ಕಿನ ತಂತಿ ಕಂಪಿಸಿದರೆ ಕಾಂತಕ್ಷೇತ್ರ ಕದಲಿ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರು ಹಿಗ್ಗಿಸಿ ಸದ್ದು ಮಾಡುತ್ತದೆ. ನನ್ನ ಗಿಟಾರಿನದು ಒಂದೇ ಸುರುಳಿಯದು. ಅದರ ದನಿ ತಿಳಿಯಾದದ್ದೇ. ಆದರೆ ಸುತ್ತಲ ವಿದ್ಯುತ್ ತಂತಿಗಳ ಗುಂಯ್‌ಕಾರವನ್ನೂ ಅದು ಹೀರುತ್ತದೆ. ಜಾತ್ರೆಯ ದೀಪದ ಸರಗಳ ನಡುವೆ ಅದನ್ನು ನುಡಿಸುವುದೆಂದರೆ ಜೇನುಗೂಡಿನ ಪಕ್ಕದಲ್ಲಿ ಕುಳಿತು ಹಾಡಿದ ಹಾಗೆ. ಗುಂಯ್‌ಕಾರಕ್ಕೆ ಹೆದರಿ ನಾನು ಸದ್ದನ್ನು ತಗ್ಗಿಸಿದ್ದೆ. ಅಪ್ಪಯ್ಯನಿಗೆ ಕೇಳಿಸದೆ ಹೋದದ್ದು ಆಶ್ಚರ್ಯವಲ್ಲ.

ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಎರಡರ ಗುಂಯ್‌ಕಾರವೂ ಪರಸ್ಪರ ಅಳಿಸಿಹೋಗುವಂತೆ ಮಾಡಿದ ಪಿಕಪ್ಪೂ ಉಂಟು. ಅಮೆರಿಕದ ಗಿಬ್ಸನ್ ಕಂಪೆನಿಗಾಗಿ 1955ರ ಸುಮಾರಿನಲ್ಲಿ ಸೆತ್ ಲವರ್ ಎಂಬವರು ರೂಪಿಸಿದ ಬಗೆ ಇದು. ಅಂಥದೊಂದನ್ನು ತರಿಸಿದೆ. ಅಗಲ ಹೆಚ್ಚಾದ್ದರಿಂದ ಗಿಟಾರಿನ ಗುಳಿಯಲ್ಲಿ ಅದು ಕೂರಲಿಲ್ಲ. ಸಾಗರದ ಗುಡಿಗಾರರೊಬ್ಬರು, ಗಂಧದ ಪೆಟ್ಟಿಗೆಗೆ ಬಳ್ಳಿ ಕೆತ್ತುವ ಉಳಿಯಲ್ಲೇ ಆ ಗುಳಿಯನ್ನು ಹಿಗ್ಗಿಸಿಕೊಟ್ಟರು. ರೇಡಿಯೋ ರಿಪೇರಿಯವರೊಬ್ಬರು ಬೆಸುಗೆ ಹಾಕಿದರು. ಇಷ್ಟೆಲ್ಲ ಆಗುತ್ತಿದ್ದ ವಾರದಲ್ಲೇ, ಹೊಸನಗರದಿಂದ ಸಾಗರಕ್ಕೆ ಬರುವ ಬಸ್ಸಿನಲ್ಲಿ, ಫೋನಿನಲ್ಲಿ ಚೌಡಯ್ಯನವರ ಒಂದು ಹಳೆಯ ಧ್ವನಿಮುದ್ರಣ ಕೇಳಿದೆ. ಇಬ್ಬರು ಒಟ್ಟಿಗೆ ಪಿಟೀಲು ನುಡಿಸುತ್ತಿದ್ದಾರೆಂದೇ ಭಾವಿಸಿದ್ದೆ. ನಮ್ಮ ಅಧ್ಯಾಪಕರೊಬ್ಬರನ್ನು ವಿಚಾರಿಸಿದಾಗ, ಒಬ್ಬರೇ ಎಂದೂ, ಆದರೆ ಅವರ ಪಿಟೀಲಿಗೆ ಏಳು ತಂತಿಗಳಿದ್ದವೆಂದೂ ತಿಳಿಯಿತು. ಏಕೆ ಏಳು ಎಂದು ಹುಡುಕುತ್ತ ಹೋದಂತೆ ಅಪ್ಪಯ್ಯನ ಪ್ರಶ್ನೆಯೇ ಮತ್ತೆ ಎದುರಿಗೆ ಬಂತು.

ಕಾವೇರಿಯೂ ಕಪಿಲೆಯೂ ಕೂಡುವ ಜಾಗ ತಿರುಮಕೂಡಲು. ಎದುರು ದಂಡೆಯಲ್ಲಿ ತಿರುಮಕೂಡಲು ನರಸೀಪುರ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೊಂದು ಅಲ್ಲಿ ಮೂರನೆಯದಾಗಿ ಸೇರುತ್ತದೆಂಬ ನಂಬಿಕೆಯಿಂದ ಅದು ತ್ರಿಮಕುಟ ಕ್ಷೇತ್ರ. ಅಗಸ್ತ್ಯೇಶ್ವರನ ಗುಡಿಯಿರುವ ಆ ಊರಿನ ಒಂದು ಒಕ್ಕಲಿಗ ಮನೆತನದಲ್ಲಿ 1895ರಲ್ಲಿ ಚೌಡಯ್ಯನವರು ಹುಟ್ಟಿದರು. ಮುಂದೆ ತಾವೇ ಕೃತಿಗಳನ್ನು ರಚಿಸಿದಾಗ ಅವರು ತ್ರಿಮಕುಟ ಎಂಬುದನ್ನೇ ಅಂಕಿತವಾಗಿ ಇಟ್ಟುಕೊಂಡರು. ಊರ ಹೆಸರನ್ನು ಮರೆಮಾಚುವವರೇ ಹೆಚ್ಚಾದ ಈ ಕಾಲದಲ್ಲಿ, ದೊಡ್ಡವರಾದ ಮೇಲೂ ಊರನ್ನು ಹೀಗೆ ಹಾಡಿನೊಳಗೆ ಕಟ್ಟಿಟ್ಟದ್ದು ನನಗೆ ಹಿಡಿಸಿತು.

1910ರಲ್ಲಿ, ಹದಿನೈದು ವರ್ಷದ ಹುಡುಗನಾಗಿ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯರಾಗಿ ಸೇರಿದರು. ಕೃಷ್ಣಪ್ಪನವರು ಅರಮನೆಯ ವಿದ್ವಾಂಸರು. ದಾಸರ ದೇವರನಾಮಗಳನ್ನು ಕಛೇರಿಯಲ್ಲಿ ಗೌರವದ ಸ್ಥಾನಕ್ಕೆ ತಂದವರಲ್ಲಿ ಒಬ್ಬರು. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು. ಅವರು ಗಾಯಕರು. ಗಾಯಕರ ಬಳಿ ಪಿಟೀಲು ಕಲಿಯುವುದೆಂದರೆ, ಕಂಠದಲ್ಲಿ ಬಂದುದನ್ನೆಲ್ಲ ಕಮಾನಿನಲ್ಲಿ ಹಿಡಿಯುವುದು. ಚೌಡಯ್ಯನವರ ಉದ್ದುದ್ದನೆಯ ಕಮಾನಿನ ಎಳೆತ, ಒಂದೇ ಉಸಿರಿನಲ್ಲಿ ಹಾಡಿದಂತಿರುವ ಆ ಧಾರೆ, ಅಲ್ಲಿಂದ ಬಂದದ್ದೇ ಇರಬೇಕೆಂದು ನನ್ನ ಊಹೆ. ಗುರುಗಳು ಶಿಸ್ತಿನಲ್ಲಿ ಬಲು ಕಠಿಣರು. ಎಂಟು ವರ್ಷಗಳ ಸುಮಾರು ಈ ಗುರುಕುಲವಾಸ ನಡೆಯಿತು. ಆಮೇಲೆ ಗುರುಗಳಿಗೂ ಇತರ ವಿದ್ವಾಂಸರಿಗೂ ಪಕ್ಕವಾದ್ಯ ನುಡಿಸುತ್ತ ಅವರ ಹೆಸರು ಮೈಸೂರಿನ ಗಡಿ ದಾಟಿ ಮದರಾಸಿನ ಸಭೆಗಳವರೆಗೆ ಹಬ್ಬಿತು.

ಆಗಿನ ಕಛೇರಿಗೆ ಮೈಕು ಇರಲಿಲ್ಲ. ಇದನ್ನು ಇಂದಿನ ನಾವು ಮನಸ್ಸಿಗೆ ತಂದುಕೊಳ್ಳುವುದು ಕಷ್ಟ. ನಮ್ಮ ಕಡೆಯ ಹಳೆಯ ಯಕ್ಷಗಾನ ಭಾಗವತರು ಏರುಶ್ರುತಿಯಲ್ಲಿ ಹಾಡಿ ಗದ್ದೆಯ ಕೊನೆಯವರೆಗೆ ಪದ್ಯವನ್ನು ಮುಟ್ಟಿಸುತ್ತಿದ್ದ ಮಾತನ್ನು ಮುದುಕರು ಹೇಳುತ್ತಾರಲ್ಲ, ಸಂಗೀತ ಸಭೆಯಲ್ಲೂ ಗಾಯಕರ ಪಾಡು ಅದೇ. ಚೆಂಬೈ ವೈದ್ಯನಾಥ ಭಾಗವತರಂಥವರ ಗಂಟೆಯಂಥ ಕಂಠ ಹೇಗೂ ಮುಟ್ಟುತ್ತಿತ್ತು. ಪಿಟೀಲಿನ ಗತಿಯೇನು? ಅದು ಹುಟ್ಟಾ ಪರದೇಶದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ನಮ್ಮ ಸಂಗೀತಕ್ಕೆ ಬಂದು ಇನ್ನೂರು ವರ್ಷವಾಗಿದೆ, ಅಷ್ಟೆ. ಯೂರೋಪಿನಲ್ಲಿ ಅದರ ತಂತಿಗಳ ಶ್ರುತಿ ನಿಗದಿಯಾದದ್ದು, ಬಿಗಿಯಾದದ್ದು. ಇಲ್ಲಿ ಹಾಡುವವರ ಕಂಠಕ್ಕೆ ತಕ್ಕಂತೆ ಷಡ್ಜ ಪಂಚಮಗಳಿಗೆ ಇಳಿಸಿ ಕಟ್ಟುತ್ತಾರೆ. ತಂತಿ ಸಡಿಲವಾದಷ್ಟೂ ನಾದ ಮೃದುವಾಗುತ್ತದೆ, ಮೆಲ್ಲಗಾಗುತ್ತದೆ. ಮುಂದಿನ ಸಾಲಿನ ರಸಿಕರು ತಲೆದೂಗುತ್ತಿದ್ದರೆ, ಹಿಂದಿನವರಿಗೆ ಕಮಾನು ಆಡುವುದಷ್ಟೇ ಕಾಣುತ್ತಿತ್ತು. ನನ್ನ ಬೆರಳಾಟ ಅಪ್ಪಯ್ಯನಿಗೆ ಕಂಡ ಹಾಗೆ.

ಹಿಂದೆ ಕುಳಿತವರಿಗೆ ತಮ್ಮ ವಾದ್ಯ ಕೇಳಿಸುತ್ತಿಲ್ಲವೆಂಬುದು ಚೌಡಯ್ಯನವರ ಮನಸ್ಸನ್ನು ಕೊರೆಯಿತು. 1927ರ ಸುಮಾರಿಗೆ ಅವರು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಕಛೇರಿಗೆ ತಂದರು. ಹೇಳುವುದಕ್ಕೆ ಒಂದು ವಾಕ್ಯ. ಮಾಡುವುದು ಎಷ್ಟು ಕಷ್ಟವೆಂಬುದು ಒಂದು ಪಿಕಪ್ಪನ್ನು ಕೂರಿಸಿ ಸರಿಪಡಿಸಲು ಹದಿನೈದು ದಿನ ತಿಣುಕಿದ ನನಗೆ ಸ್ವಲ್ಪ ಗೊತ್ತು. ನಾಲ್ಕು ಬಿರಡೆಗಳ ಜಾಗದಲ್ಲಿ ಏಳು ಬೇಕು. ನಾಲ್ಕು ಗೀರುಗಳ ಕುದುರೆಯ ಮೇಲೆ ಏಳು ತಂತಿಗಳು, ಕಮಾನಿಗೆ ಒಂದು ಸಿಕ್ಕಿ ಇನ್ನೊಂದು ತಪ್ಪದಂತೆ ಕೂರಬೇಕು. ತಂತಿ ಹೆಚ್ಚಿದಷ್ಟೂ ಕುದುರೆಯ ಮೇಲಿನ ಭಾರ ಹೆಚ್ಚಿ, ತೆಳು ಮರದ ಮೈಯನ್ನು ಕೆಳಕ್ಕೆ ಅದುಮುತ್ತದೆ. ಜೊತೆಯ ತಂತಿಗಳನ್ನು ಒಂದೇ ಬೆರಳು ಒಟ್ಟಿಗೆ ಒತ್ತಬೇಕು, ಒಂದೇ ಕಮಾನು ಒಟ್ಟಿಗೆ ನುಡಿಸಬೇಕು. ಬಲಗೈಗೆ ಬಲ ಹೆಚ್ಚು ಬೇಕು, ಎಡಗೈಗೆ ನಿಖರತೆ ಹೆಚ್ಚು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜೊತೆತಂತಿಗಳ ಶ್ರುತಿ ಎಳ್ಳಷ್ಟು ಬೇರೆಯಾದರೂ ನಾದ ತೊನೆದಾಡಿ ಕಿವಿಗೆ ಹುಳಿಯಾಗುತ್ತದೆ. ನಾಲ್ಕು ತಂತಿಯಲ್ಲಿ ಮುಚ್ಚಿಹೋಗುವ ತಪ್ಪು ಏಳು ತಂತಿಯಲ್ಲಿ ಸಾರಿ ಹೇಳಿಕೊಳ್ಳುತ್ತದೆ.

ತಂತಿ ಹೆಚ್ಚಿಸಿದರೆ ಸದ್ದು ಅದೇ ಲೆಕ್ಕದಲ್ಲಿ ಹೆಚ್ಚುವುದಿಲ್ಲವೆಂದು ವಿಜ್ಞಾನ ಓದುವ ಗೆಳೆಯನೊಬ್ಬ ನನ್ನೊಡನೆ ವಾದಿಸಿದ. ಶಬ್ದದ ಶಕ್ತಿ ಎರಡು ಪಟ್ಟಾದರೂ ಕಿವಿಗೆ ಕೊಂಚವೇ ಹೆಚ್ಚೆಂದು ತೋರುತ್ತದಂತೆ. ಇರಬಹುದು. ಆದರೆ ಧ್ವನಿಮುದ್ರಣ ಕೇಳಿದವರಿಗೆ ಗೊತ್ತು, ಅಲ್ಲಿ ಹೆಚ್ಚಾದದ್ದು ಗಾತ್ರವಷ್ಟೇ ಅಲ್ಲ; ನಾದಕ್ಕೆ ಒಂದು ಮೈ ಬಂದಿದೆ. ಒಬ್ಬರು ನುಡಿಸುವಲ್ಲಿ ಇಬ್ಬರೆಂದು ನಾನು ಮೋಸಹೋದದ್ದು ಅದಕ್ಕೇ.

ವಿಚಿತ್ರವೆಂದರೆ, 1927ರ ಆಸುಪಾಸಿನಲ್ಲೇ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗಿಟಾರಿನವರಿಗೂ ಇದೇ ಚಿಂತೆ. ಕೊಳಲು ಕಹಳೆಗಳ ಮೇಳದಲ್ಲಿ ಗಿಟಾರು ಮುಳುಗಿಹೋಗುತ್ತಿತ್ತು. ಜಾನ್ ಡೊಪ್ಯೇರಾ ಎಂಬವರು ಗಿಟಾರಿನ ಹೊಟ್ಟೆಯೊಳಗೆ ಅಲ್ಯೂಮಿನಿಯಮ್ಮಿನ ಮೂರು ಶಂಕುಗಳನ್ನು ಕೂರಿಸಿ ಸದ್ದು ಹೆಚ್ಚಿಸಿದರು. ಇಲ್ಲಿ ಮೂರು ತಂತಿ, ಅಲ್ಲಿ ಮೂರು ಶಂಕು! ಅವರೊಡನಿದ್ದ ಜಾರ್ಜ್ ಬೋಶಾಂಪ್ ಅಷ್ಟಕ್ಕೇ ತೃಪ್ತರಾಗದೆ, 1931ರಲ್ಲಿ ಅಯಸ್ಕಾಂತವನ್ನೂ ತಾಮ್ರದ ಸುರುಳಿಯನ್ನೂ ಗಿಟಾರಿನ ತಂತಿಗೆ ಒಡ್ಡಿ ವಿದ್ಯುತ್ತಿನ ದಾರಿ ಹಿಡಿದರು. ನನ್ನ ಗಿಟಾರಿನ ಪಿಕಪ್ಪಿನ ವಂಶ ಅಲ್ಲಿಂದ ಆರಂಭ. ಚೌಡಯ್ಯನವರು ಮರ, ತಂತಿ, ಕೈ ಇವಿಷ್ಟರಲ್ಲೇ ದಾರಿ ಹುಡುಕಿದರು.

ಹೊಸದನ್ನು ತಂದಾಗ ಸಂಪ್ರದಾಯಸ್ಥರು ಹುಬ್ಬು ಗಂಟಿಕ್ಕಿದರು. ಪಿಟೀಲಿಗೆ ನಾಲ್ಕೇ ತಂತಿ ಎಂಬುದು ಅಷ್ಟರಲ್ಲಿ ನಮ್ಮಲ್ಲೂ ಶಾಸ್ತ್ರವಾಗಿಹೋಗಿತ್ತು, ವಾದ್ಯ ಹೊರಗಿನಿಂದ ಬಂದದ್ದಾದರೂ! ಒಕ್ಕಲು ಮನೆಯಿಂದ ಬಂದು, ಗುರುವಿನ ಎದುರು ಕೈಕಟ್ಟಿ ನಿಂತು ಕಲಿತ ಮೂವತ್ತರ ಆಸುಪಾಸಿನ ಒಬ್ಬರು, ವಿದ್ವಾಂಸರ ಸಭೆಯಲ್ಲಿ ವಾದ್ಯವನ್ನೇ ಬದಲಿಸಿ ಕುಳಿತರೆಂದರೆ ಎಷ್ಟು ಎದೆಗಾರಿಕೆ ಬೇಕಾಗಿತ್ತೆಂದು ಯೋಚಿಸುತ್ತೇನೆ. ತರಗತಿಯಲ್ಲಿ ಎದ್ದು ಸಂದೇಹ ಕೇಳಲು ನನಗೆ ಎರಡು ವರ್ಷ ಹಿಡಿಯಿತು. ಗುರುಗಳ ಒಪ್ಪಿಗೆ ಕೊನೆಗೆ ದೊರೆಯಿತೆಂದು ಅವರ ಜೀವನವನ್ನು ಬಲ್ಲವರು ಹೇಳುತ್ತಾರೆ. ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು.

ಮುಂದಿನದು ಏರುಗತಿಯ ಕಥೆ, ಬೇಗ ಹೇಳಿಬಿಡಬಹುದು. ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ, ಜಿ. ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ಆ ಕಾಲದ ಹಿರಿಯ ಗಾಯಕರಿಗೆಲ್ಲ ಅವರು ಪಕ್ಕವಾದ್ಯ ನುಡಿಸಿದರು. 1939ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು. 1943ರಲ್ಲಿ ವಾಣಿ ಎಂಬ ಕನ್ನಡ ಚಿತ್ರವನ್ನೂ ತೆಗೆದರು. ಅದರಲ್ಲಿ ಚೆಂಬೈಯವರ ಕಛೇರಿಗೆ ಚೌಡಯ್ಯನವರೇ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಪಕ್ಕದಲ್ಲಿ ಕೂರುತ್ತಿದ್ದ ಪಿಟೀಲುಗಾರರಿಗೆ ವಿದ್ವತ್ಸಭೆಯ ಅಧ್ಯಕ್ಷ ಪೀಠ ದೊರೆತದ್ದು ಸಾಮಾನ್ಯವಲ್ಲ.

ಅಷ್ಟರಲ್ಲಿ ಮೈಕು ಎಲ್ಲೆಡೆ ಬಂದಿತ್ತು. ಹಿಂದಿನ ಸಾಲಿನವರಿಗೆ ಕೇಳಿಸಬೇಕೆಂಬುದಷ್ಟೇ ಕಾರಣವಾಗಿದ್ದರೆ ಅವರು ಮೂರು ತಂತಿಗಳನ್ನು ಬಿಚ್ಚಿಡಬಹುದಿತ್ತು. ಬಿಚ್ಚಲಿಲ್ಲ. ಅಗತ್ಯಕ್ಕಾಗಿ ಕಟ್ಟಿದ ತಂತಿ ಅವರ ದನಿಯೇ ಆಗಿಹೋಗಿತ್ತು.

ನನ್ನ ಗಿಟಾರಿಗೆ ಬರೋಣ. ಹೊಸ ಪಿಕಪ್ಪು ಬಂದ ಉತ್ಸಾಹದಲ್ಲಿ, ಹತ್ತಿರವಿದ್ದಷ್ಟೂ ಸದ್ದು ಜೋರೆಂದು ಬಗೆದು, ತಿರುಪುಗಳನ್ನು ತಿರುಗಿಸಿ ಅದನ್ನು ತಂತಿಗೆ ತಾಗುವಷ್ಟು ಮೇಲೆತ್ತಿದೆ. ಜೋರೇನೋ ಆಯಿತು, ದಪ್ಪ ತಂತಿಯ ಸ್ವರ ಮಾತ್ರ ತೂರಾಡತೊಡಗಿತು. ಬಿರಡೆ ಸಡಿಲವೆಂದು ಭಾವಿಸಿ ಎರಡು ದಿನ ಶ್ರುತಿ ಮಾಡಿದ್ದೇ ಮಾಡಿದ್ದು. ಮಲೆನಾಡಿನ ತೇವದಲ್ಲಿ ತಂತಿಗೆ ತುಕ್ಕು ಹಿಡಿದಿರಬೇಕೆಂದು ಅವನ್ನೂ ಬದಲಿಸಿದೆ. ದೋಷ ಅಯಸ್ಕಾಂತದ್ದು: ಬಹಳ ಹತ್ತಿರವಾದರೆ ಅದು ತಂತಿಯನ್ನೇ ತನ್ನತ್ತ ಸೆಳೆದು ಕಂಪನವನ್ನು ಕೆಡಿಸುತ್ತದೆ. ಕೊನೆಯ ಮೆಟ್ಟಿನ ಮೇಲೆ ತಂತಿಯನ್ನು ಒತ್ತಿ ಹಿಡಿದು, ಪಿಕಪ್ಪಿಗೂ ತಂತಿಗೂ ನಡುವೆ ಎರಡು ಮೂರು ಮಿಲಿಮೀಟರು ಬಿಟ್ಟು, ದಪ್ಪ ತಂತಿಯ ಕಡೆ ಸ್ವಲ್ಪ ಹೆಚ್ಚು ತಗ್ಗಿಸಬೇಕು. ಅಳತೆಗೆ ರೂಪಾಯಿ ನಾಣ್ಯ ಎರಡನ್ನು ಒಂದರ ಮೇಲೊಂದಿಟ್ಟರೆ ಸಾಕು. ಆಮೇಲೆ ಅರ್ಧ ಸುತ್ತು ಅತ್ತ, ಅರ್ಧ ಸುತ್ತು ಇತ್ತ, ಕಿವಿಯೇ ಪ್ರಮಾಣ. ಸಾಗರದ ಮುಂದಿನ ಕಾರ್ಯಕ್ರಮಕ್ಕೆ ಮೊದಲು ಗೆಳೆಯನನ್ನು ಕೊನೆಯ ಸಾಲಿನ ಹಿಂದೆ ನಿಲ್ಲಿಸಿ, ಅವನು ಕೈ ಎತ್ತುವವರೆಗೆ ತಿರುಪು ತಿರುಗಿಸಿದೆ. ಅಂದು ಅಪ್ಪಯ್ಯ ಬರಲಾಗಲಿಲ್ಲ. ಅಡಿಕೆ ಸುಲಿಯುವ ಕೆಲಸವಿತ್ತು.

ಚೌಡಯ್ಯನವರು 1967ರ ಜನವರಿ 19ರಂದು ನಿಧನರಾದರು. ಅವರ ನೆನಪಿಗಾಗಿ ಬೆಂಗಳೂರಿನ ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದಲ್ಲೇ, ತಂತಿ, ಕುದುರೆ, ಬಿರಡೆ, ಕಮಾನುಗಳ ಸಮೇತ ಕಟ್ಟಿದ ಸಭಾಭವನ 1980ರಲ್ಲಿ ತೆರೆಯಿತು. ಹೋದ ವರ್ಷ ಒಂದು ಪರೀಕ್ಷೆ ಬರೆಯಲು ಬೆಂಗಳೂರಿಗೆ ಹೋದವನು, ರಾತ್ರಿಯ ಬಸ್ಸಿಗೆ ಸಮಯವಿದ್ದುದರಿಂದ ದಾರಿ ಕೇಳಿಕೊಂಡು ಅಲ್ಲಿಗೆ ಹೋದೆ. ಆ ದಿನ ಕಾರ್ಯಕ್ರಮವಿರಲಿಲ್ಲ, ಬಾಗಿಲು ಹಾಕಿತ್ತು. ಹೊರಗಿನಿಂದ ಒಂದು ಸುತ್ತು ಹಾಕಿ ನೋಡಿದೆನೇ ಹೊರತು, ಒಳಗೆ ಕೊನೆಯ ಸಾಲು ವೇದಿಕೆಯಿಂದ ಎಷ್ಟು ದೂರವಿದೆಯೆಂದು ತಿಳಿಯಲಾಗಲಿಲ್ಲ.