ಕಪ್ತಾನ ಬೊಂಟೆಕೂ ಬೇಡಿದ ಮೂರು ದಿನಗಳ ಅವಧಿ

ಹಾಲೆಂಡ್ ದೇಶದ ಉತ್ತರ ಭಾಗದಲ್ಲಿ ಹೋರ್ನ್ ಎಂಬ ಪುರಾತನ ಬಂದರು ಪಟ್ಟಣವೊಂದಿದೆ. ಆ ಬಂದರಿನ ಕಲ್ಲುಕಟ್ಟೆಯ ಮೇಲೆ ಕುಳಿತು ನೀರನ್ನು ನೋಡುತ್ತಿರುವ ಮೂವರು ಹುಡುಗರ ಕಂಚಿನ ಪ್ರತಿಮೆಗಳಿವೆ. ಅರಸರಿಗೂ ಸೇನಾಪತಿಗಳಿಗೂ ಪ್ರತಿಮೆಗಳು ಎಲ್ಲ ಊರುಗಳಲ್ಲಿಯೂ ಉಂಟು. ಆದರೆ ಹಡಗಿನಲ್ಲಿ ನೆಲ ಒರೆಸುವ, ಪಾತ್ರೆ ತೊಳೆಯುವ, ದೊಡ್ಡವರ ಬೈಗುಳನ್ನು ಕೇಳುವ ಹುಡುಗರಿಗೆ ಪ್ರತಿಮೆಯ ಗೌರವ ದೊರೆತ ಊರುಗಳು ವಿರಳ. ಈ ಮೂವರು ಒಂದು ಕಾದಂಬರಿಯ ಪಾತ್ರಗಳು ಎಂಬುದು ನಿಜ. ಆದರೆ ಆ ಕಾದಂಬರಿಯ ಹಿಂದೆ ಒಬ್ಬ ನಿಜವಾದ ಕಪ್ತಾನನಿದ್ದನು. ಅವನ ದೋಣಿಯಲ್ಲಿ ನಿಜವಾದ ಹುಡುಗರೂ ಇದ್ದರು. ಆ ಕಪ್ತಾನ ವಿಲ್ಲೆಮ್ ಬೊಂಟೆಕೂವಿನ ಚರಿತ್ರೆಯನ್ನು ಇಂದು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಬಾಲ್ಯ ಮತ್ತು ಮೊದಲ ಕಷ್ಟ

ವಿಲ್ಲೆಮ್ ಹುಟ್ಟಿದ್ದು 1587ರಲ್ಲಿ, ಇದೇ ಹೋರ್ನ್ ಪಟ್ಟಣದಲ್ಲಿ. ತಂದೆಯೂ ಹಡಗಿನ ಯಜಮಾನನೇ. ಬೊಂಟೆಕೂ ಎಂದರೆ ಅವರ ಭಾಷೆಯಲ್ಲಿ ಚುಕ್ಕೆಯ ಹಸು ಎಂದರ್ಥ. ಕುಟುಂಬದ ಹಡಗಿಗೂ ಅದೇ ಹೆಸರು. 1607ರಲ್ಲಿ, ಇಪ್ಪತ್ತರ ಹರೆಯದಲ್ಲಿ, ತಂದೆಯ ಸ್ಥಾನದಲ್ಲಿ ನಿಂತು ವಿಲ್ಲೆಮನು ಆ ಹಡಗಿನ ಚುಕ್ಕಾಣಿಯನ್ನು ವಹಿಸಿಕೊಂಡನು. ಹತ್ತು ವರ್ಷ ವ್ಯಾಪಾರ ನಡೆಯಿತು. 1617ರಲ್ಲಿ ಉತ್ತರ ಆಫ್ರಿಕದ ಕಡಲ್ಗಳ್ಳರು ಹಡಗನ್ನು ಹಿಡಿದರು. ಯಜಮಾನನು ಗುಲಾಮರ ಸಂತೆಯನ್ನು ಸೇರಬೇಕಾಯಿತು. ಹಣ ತೆತ್ತು ಅವನನ್ನು ಬಿಡಿಸಿ ತಂದರು. ಹಡಗು ಮಾತ್ರ ಹೋಯಿತು.

ಸ್ವಂತದ ಅಂಗಡಿಯನ್ನು ಕಳೆದುಕೊಂಡವನು ಪರರ ಅಂಗಡಿಯಲ್ಲಿ ಚಾಕರಿಗೆ ನಿಲ್ಲುವುದು ಲೋಕದ ರೀತಿ. 1602ರಲ್ಲಿ ಸ್ಥಾಪಿತವಾಗಿದ್ದ ಡಚ್ಚರ ಸಂಯುಕ್ತ ಪೂರ್ವ ಇಂಡಿಯಾ ಕಂಪೆನಿಯು ಆಗ ಮೆಣಸು, ಲವಂಗ, ಜಾಯಿಕಾಯಿಗಳಿಗಾಗಿ ಹಡಗಿನ ಮೇಲೆ ಹಡಗನ್ನು ಪೂರ್ವಕ್ಕೆ ಕಳುಹಿಸುತ್ತಿದ್ದಿತು. ವಿಲ್ಲೆಮನು ಆ ಕಂಪೆನಿಯ ನೌಕರನಾಗಿ, 1618ರ ದಶಂಬರ 28ರಂದು, ನ್ಯೂ ಹೋರ್ನ್ ಎಂಬ ದೊಡ್ಡ ಹಡಗಿನಲ್ಲಿ 206 ಮಂದಿಯೊಡನೆ ಜಾವಾ ದ್ವೀಪದ ಕಡೆಗೆ ಹೊರಟನು.

ದಾರಿಯಲ್ಲಿ ಬಿರುಗಾಳಿಗಳು ಬಂದುವು, ಕೂವೆಮರ ಮುರಿಯಿತು. ಗಾಳಿಯ ಹೊಡೆತಕ್ಕೆ ದಕ್ಷಿಣ ಆಫ್ರಿಕದ ಭೂಶಿರದಲ್ಲಿ ಇಳಿಯಲಾಗಲಿಲ್ಲ. ತಾಜಾ ಹಣ್ಣುಕಾಯಿಗಳಿಲ್ಲದೆ ಒಸಡು ಕೊಳೆತು, ಕಾಲು ಬಾತು ಜನರು ಮಲಗಿದರು. ಇಂದು ರಿಯೂನಿಯನ್ ಎನಿಸಿಕೊಳ್ಳುವ ದ್ವೀಪದಲ್ಲಿಯೂ ಮಡಗಾಸ್ಕರಿನ ಪಕ್ಕದ ಸಂತ ಮೇರಿ ದ್ವೀಪದಲ್ಲಿಯೂ ಇಳಿದು, ಆಮೆ, ಹಕ್ಕಿ, ನಿಂಬೆಹಣ್ಣುಗಳ ಆಹಾರದಿಂದ ರೋಗಿಗಳು ಚೇತರಿಸಿಕೊಂಡರು. ಜಾವಾ ಇನ್ನು ಕೆಲವೇ ದಿನಗಳ ದಾರಿ ಎಂದು ಎಲ್ಲರೂ ಹಿಗ್ಗಿದ್ದರು.

ಉಗ್ರಾಣದ ಕಿಡಿ

1619ರ ನವೆಂಬರ 19. ಹಡಗು ಸುಂಡಾ ಜಲಸಂಧಿಯ ಮಟ್ಟಕ್ಕೆ ಸಮೀಪಿಸಿತ್ತು. ಉಗ್ರಾಣದ ಸಹಾಯಕನು ಎಂದಿನಂತೆ ಜನರಿಗೆ ಹಂಚುವ ಬ್ರಾಂಡಿಯನ್ನು ತುಂಬಿಸಿಕೊಳ್ಳಲು ಮೋಂಬತ್ತಿ ಹಿಡಿದು ಕೆಳಗಿಳಿದನು. ಬತ್ತಿಯ ಕಬ್ಬಿಣದ ಕಾಲನ್ನು ಮೇಲಿನ ಸಾಲಿನ ಪೀಪಾಯಿಗೆ ಚುಚ್ಚಿ ಕೆಲಸ ಮುಗಿಸಿದನು. ಅದನ್ನು ಕೀಳುವಾಗ ಉರಿಯುವ ಬತ್ತಿಯ ತುಣುಕೊಂದು ಕೆಳಗಿನ ಪೀಪಾಯಿಯ ತೂತಿನೊಳಗೆ ಬಿತ್ತು. ಪೀಪಾಯಿ ಒಡೆಯಿತು; ಉರಿಯುವ ಬ್ರಾಂಡಿಯು ಕೆಳಕ್ಕೆ ಹರಿದು ಕಮ್ಮಾರನ ಇದ್ದಲ ರಾಶಿಯನ್ನು ಸೇರಿತು.

ನೀರು ಹೊಯ್ದರು, ಬೆಂಕಿ ಆರಿತೆಂದು ತಿಳಿದರು. ಅಡುಗೆಮನೆಯ ಒಲೆಯ ಬಳಿ ಬಾಳು ಸವೆಸಿದ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ: ಮೇಲೆ ಆರಿದ ಬೆಂಕಿ ಇದ್ದಲಿನ ಒಳಗೆ ಜೀವಂತವಾಗಿರುತ್ತದೆ. ಅರ್ಧ ಗಂಟೆಯಲ್ಲಿ ಮತ್ತೆ ಕೂಗು ಎದ್ದಿತು. ಉಸಿರು ಕಟ್ಟುವ ಗಂಧಕದ ಹೊಗೆ ಮೇಲಕ್ಕೆ ನುಗ್ಗಿತು.

ಹಡಗಿನ ಗರ್ಭದಲ್ಲಿ ಮುನ್ನೂರಕ್ಕೂ ಮಿಕ್ಕಿದ ಸಣ್ಣ ಪೀಪಾಯಿಗಳಲ್ಲಿ ಕೋವಿಮದ್ದು ತುಂಬಿತ್ತು. ಅದನ್ನು ತಕ್ಷಣ ಸಮುದ್ರಕ್ಕೆ ಎಸೆಯಬೇಕೆಂದು ಕಪ್ತಾನನು ಹೇಳಿದನು. ಆದರೆ ಕಂಪೆನಿಯ ಹಡಗಿನಲ್ಲಿ ಕಪ್ತಾನನೊಬ್ಬನದೇ ಮಾತಲ್ಲ. ಸರಕಿನ ಮೇಲ್ವಿಚಾರಣೆಗೆ ವರ್ತಕನೊಬ್ಬನಿರುತ್ತಿದ್ದನು. ಆ ವರ್ತಕ ಹೈನ್ ರೋಲನು ಒಪ್ಪಲಿಲ್ಲ. ಬೆಂಕಿ ಆರಿದ ಮೇಲೆ ಶತ್ರುಗಳು ಎದುರಾದರೆ ಮದ್ದಿಲ್ಲದೆ ಏನು ಮಾಡುವುದೆಂಬುದು ಅವನ ವಾದ. ಹೀಗೆ ಅಮೂಲ್ಯವಾದ ಸಮಯ ಕಳೆಯಿತು. ಅಷ್ಟರಲ್ಲಿ ನೀರಿಗೆ ಇಳಿಸಿದ್ದ ದೊಡ್ಡ ದೋಣಿಗೂ ಸಣ್ಣ ದೋಣಿಗೂ ಜನರು ಒಬ್ಬೊಬ್ಬರಾಗಿ ಜಾರಿಕೊಂಡರು. ಆ ವರ್ತಕನೂ ಜಾರಿದನು. ದೋಣಿಗಳು ಹಗ್ಗ ಕಡಿದು ದೂರ ಸರಿದುವು.

ಕಪ್ತಾನನು ಹಡಗನ್ನು ಬಿಡಲಿಲ್ಲ. ಕೊನೆಗೆ ಅವನ ಅಪ್ಪಣೆಯಂತೆ ಮದ್ದನ್ನು ಎಸೆಯತೊಡಗಿದರು. ಸುಮಾರು ಅರುವತ್ತು ಪೀಪಾಯಿಗಳು ಹೊರಬಿದ್ದಿದ್ದುವು. ಆಗ ಬೆಂಕಿಯು ಎಣ್ಣೆಯ ಪೀಪಾಯಿಗಳನ್ನು ಹಿಡಿಯಿತು. ಉಳಿದ ಮದ್ದು ಸಿಡಿಯಿತು. ಮೇಲಿದ್ದ 119 ಮಂದಿಯೊಡನೆ ನ್ಯೂ ಹೋರ್ನ್ ಹಡಗು ಆಕಾಶಕ್ಕೆ ಹಾರಿತು. ಬದುಕಿ ಉಳಿದವರು ಇಬ್ಬರೇ: ಕಪ್ತಾನ ಬೊಂಟೆಕೂ ಮತ್ತು ಹರ್ಮನ್ ಎಂಬ ಯುವಕ. ತಲೆಯೊಡೆದು, ಬೆನ್ನು ಜಜ್ಜಿಹೋಗಿ ಕೂವೆಮರದ ತುಂಡಿಗೆ ಜೋತುಬಿದ್ದಿದ್ದ ಕಪ್ತಾನನನ್ನು ದೋಣಿಯವರು ಎಳೆದುಕೊಂಡರು.

ಹಸಿವಿನ ನ್ಯಾಯ

ಎರಡು ದೋಣಿಗಳಲ್ಲಿ ಒಟ್ಟು 72 ಮಂದಿ. ಏಳೆಂಟು ಪೌಂಡು ರೊಟ್ಟಿ. ಕುಡಿಯುವ ನೀರಿಲ್ಲ, ದಿಕ್ಸೂಚಿಯಿಲ್ಲ, ಹಾಯಿಯಿಲ್ಲ. ಬೆಳಗಿನ ತನಕ ಮುಳುಗಿದ ಸ್ಥಳದಲ್ಲೇ ನಿಂತು ತೇಲುವ ಸಾಮಾನುಗಳನ್ನು ಕೂಡಿಸಿಕೊಳ್ಳಿರೆಂದು ಕಪ್ತಾನನು ಹೇಳಿದ್ದನು. ಅವನು ನೋವಿನಿಂದ ಮಲಗಿದಾಗ ಅವರು ರಾತ್ರಿಯಿಡೀ ಹುಟ್ಟುಹಾಕಿ ಎಲ್ಲವನ್ನೂ ಹಿಂದೆ ಬಿಟ್ಟಿದ್ದರು.

ಬೆಳಗಾದ ಮೇಲೆ ದಾರಿ ತೋಚದೆ ಎಲ್ಲರೂ ಅವನ ಮುಖವನ್ನೇ ನೋಡಿದರು. ಅವನು ದೂಷಿಸುತ್ತ ಕೂಡ್ರಲಿಲ್ಲ. ಎಲ್ಲರೂ ತೊಟ್ಟ ಅಂಗಿಗಳನ್ನು ಕಳಚುವಂತೆ ಹೇಳಿದನು. ಹಗ್ಗದ ಎಳೆಗಳನ್ನು ಬಿಡಿಸಿ ದಾರ ಮಾಡಿ, ಅಂಗಿಗಳನ್ನು ಹೊಲಿದು ಹಾಯಿಯನ್ನಾಗಿ ಕಟ್ಟಿಸಿದನು. ಹಲಗೆಯ ಮೇಲೆ ನೆನಪಿನಿಂದಲೇ ಸುಮಾತ್ರಾ ಜಾವಾಗಳ ನಕ್ಷೆಯನ್ನು ಕೆತ್ತಿದನು; ಸೂರ್ಯನ ಎತ್ತರವನ್ನು ಅಳೆಯುವ ಸಾಧನವನ್ನೂ ಗೀರಿಕೊಂಡನು. ರೊಟ್ಟಿಯನ್ನು ಬೆರಳ ಗೆಣ್ಣಿನಷ್ಟು ಅಳತೆಯಲ್ಲಿ ಹಂಚಿದನು. ಮಳೆ ಬಂದಾಗ ಹಾಯಿಯನ್ನು ಹಾಸಿ ನೀರು ಹಿಡಿದರು. ಪ್ರತಿಯೊಬ್ಬನಿಗೂ ಒಂದೇ ಅಳತೆ. ಹೆಚ್ಚು ತೆಗೆದುಕೊಳ್ಳಿರೆಂದು ಜನರೇ ಒತ್ತಾಯಿಸಿದರೂ ಅವನು ತನ್ನ ಪಾಲಿಗಿಂತ ಮಿಗಿಲಾಗಿ ಮುಟ್ಟಲಿಲ್ಲ. ಸಣ್ಣ ದೋಣಿಯವರನ್ನೂ ತರುವಾಯ ದೊಡ್ಡ ದೋಣಿಗೇ ಹತ್ತಿಸಿಕೊಂಡರು.

ರೊಟ್ಟಿ ಮುಗಿಯಿತು. ಒಮ್ಮೆ ಕಡಲಹಕ್ಕಿಗಳು ಕೈಗೆಟುಕುವಂತೆ ಹಾರಿಬಂದುವು. ಇನ್ನೊಮ್ಮೆ ಹಾರುಮೀನುಗಳು ದೋಣಿಯೊಳಗೇ ಬಿದ್ದುವು. ಎಲ್ಲವನ್ನೂ ಹಸಿಯಾಗಿಯೇ ತಿಂದರು. ಆಮೇಲೆ ಏನೂ ಬರಲಿಲ್ಲ. ಬಾಯಾರಿಕೆ ತಾಳದೆ ಕೆಲವರು ಸಮುದ್ರದ ನೀರು ಕುಡಿದರು. ಮೂತ್ರವನ್ನು ಕುಡಿದು ಜೀವ ಹಿಡಿದವರೂ ಇದ್ದರು.

ಆಗ ಪಿಸುಮಾತೊಂದು ಹುಟ್ಟಿತು. ದೊಡ್ಡವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮೊದಲು ಹುಡುಗರನ್ನು ಕೊಂದು ತಿನ್ನಬೇಕೆಂದು ನಿಶ್ಚಯಿಸಿದರು. ಹುಡುಗರೇ ಏಕೆಂಬುದನ್ನು ನಾವು ಕೇಳಬೇಕಾದುದಿಲ್ಲ. ಹಸಿವಿನ ನ್ಯಾಯಾಲಯದಲ್ಲಿ ಬಲಹೀನನೇ ಮೊದಲನೆಯ ಅಪರಾಧಿ. ತಂದೆತಾಯಿಗಳಿಂದ ದೂರವಾಗಿ, ಅತ್ಯಂತ ಕಡಿಮೆ ಸಂಬಳಕ್ಕೆ ದುಡಿಯುವ ಆ ಹುಡುಗರ ಪರವಾಗಿ ಮಾತನಾಡುವವರಾರು?

ಮಾತನಾಡಿದವನು ಕಪ್ತಾನನು. ಅವನ ಕೈಯಲ್ಲಿ ಆಗ ಅಧಿಕಾರದ ಯಾವ ಸಾಧನವೂ ಇರಲಿಲ್ಲ. ಹಡಗೇ ಇಲ್ಲದ ಕಪ್ತಾನನ ಅಪ್ಪಣೆಗೆ ಬೆಲೆಯೇನು? ಅವನು ಗದರಿಸಲಿಲ್ಲ, ಬೇಡಿಕೊಂಡನು. ನೆಲವು ಹತ್ತಿರವಿದೆಯೆಂದು ತನ್ನ ಲೆಕ್ಕವನ್ನು ತೋರಿಸಿ ಧೈರ್ಯ ಹೇಳಿದನು. ಅವರು ಕೊನೆಗೆ ಮೂರು ದಿನಗಳ ಅವಧಿ ಕೊಟ್ಟರು. ಅಷ್ಟರಲ್ಲಿ ನೆಲ ಕಾಣದಿದ್ದರೆ ಹುಡುಗರ ಗತಿ ತೀರಿತೆಂದರು. ನೆಲದ ವಿಷಯ ತನಗೂ ಖಚಿತವಿಲ್ಲವೆಂಬುದನ್ನು ಅವನೊಬ್ಬನೇ ಬಲ್ಲನು. ಆ ಮೂರು ದಿನ ಅವನು ಹೇಗೆ ಕಳೆದಿರಬಹುದೆಂಬುದನ್ನು, ಪರರ ಮಕ್ಕಳನ್ನು ನಂಬಿಕೆಯ ಮೇಲೆ ಕೆಲಸಕ್ಕೆ ಇಟ್ಟುಕೊಂಡ ಪ್ರತಿಯೊಬ್ಬ ಯಜಮಾನನೂ ಒಮ್ಮೆ ಯೋಚಿಸಬೇಕು.

ಅವಧಿ ಮುಗಿಯುವ ಮೊದಲೇ, ಹಡಗು ಸಿಡಿದ ಹದಿಮೂರನೆಯ ದಿನ, ನೆಲ ಕಂಡಿತು. ಅದು ಸುಮಾತ್ರಾದ ಬಳಿಯ ನಡುಗಡ್ಡೆ. ತೆಂಗಿನ ಮರಗಳ ತವರು. ಎಳನೀರು ಕುಡಿದು, ಕಾಯಿ ತಿಂದು, ಅತಿಯಾಗಿ ತಿಂದುದರಿಂದ ಹೊಟ್ಟೆನೋವನ್ನೂ ಅನುಭವಿಸಿದರು. ಹುಡುಗರು ಉಳಿದರು.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಸುಮಾತ್ರಾದ ದಡದಲ್ಲಿ ಅಕ್ಕಿ, ಕೋಳಿ, ಎಮ್ಮೆಗಳಿಗಾಗಿ ವ್ಯಾಪಾರ ನಡೆಸುವಾಗ ಸ್ಥಳೀಯರೊಡನೆ ಕಾದಾಟವಾಗಿ ಹಲವರು ಮಡಿದರು. ನಾಲ್ವರನ್ನು ದಡದಲ್ಲಿಯೇ ಬಿಟ್ಟುಬರಬೇಕಾಯಿತು. ಕೊನೆಗೆ ಸುಂಡಾ ಜಲಸಂಧಿಯ ಸಮೀಪ ಡಚ್ಚರ ಹಡಗುಗಳ ತಂಡ ಎದುರಾಯಿತು. ಅದರ ನಾಯಕನು, 1603ರಲ್ಲಿಯೇ ಮಲಯ ಭಾಷೆಯ ಶಬ್ದಕೋಶವನ್ನು ಅಚ್ಚುಮಾಡಿಸಿದ್ದ ಫ್ರೆಡರಿಕ್ ಡಿ ಹೌಟ್ಮನ್.

ಇಬ್ಬರು ಊರಿನವರು

ಬಟೇವಿಯಾದಲ್ಲಿ, ಎಂದರೆ ಇಂದಿನ ಜಕಾರ್ತಾದಲ್ಲಿ, ಬೊಂಟೆಕೂವನ್ನು ಬರಮಾಡಿಕೊಂಡವನು ಕಂಪೆನಿಯ ಗವರ್ನರ್ ಜನರಲ್ ಯಾನ್ ಪೀಟರ್ಸೂನ್ ಕೂನ್. ಅವನೂ ಹೋರ್ನ್ ಪಟ್ಟಣದವನೇ. ಹುಟ್ಟಿದ್ದು ಅದೇ 1587ರಲ್ಲಿ. ಅದೇ 1619ರ ಮೇ ತಿಂಗಳಲ್ಲಿ ಕೂನನು ಜಕಾರ್ತಾವನ್ನು ಗೆದ್ದು ಸುಟ್ಟು, ಅದರ ಮೇಲೆ ಬಟೇವಿಯಾಕ್ಕೆ ಅಡಿಪಾಯ ಹಾಕಿದ್ದನು. 1621ರಲ್ಲಿ ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ ಬಂಡಾ ದ್ವೀಪಗಳಿಗೆ ದಂಡೆತ್ತಿ ಹೋಗಿ, ಅಲ್ಲಿಯ ಜನರಲ್ಲಿ ಬಹುಪಾಲನ್ನು ಕೊಲ್ಲಿಸಿ, ಹಸಿವಿಗೆ ದೂಡಿ, ಗುಲಾಮರನ್ನಾಗಿ ಸಾಗಿಸಿದನು.

ಕೂನನು ಬೊಂಟೆಕೂವಿಗೆ ಬೇರೊಂದು ಹಡಗನ್ನು ಕೊಟ್ಟನು. ಇಲ್ಲಿ ನಾವು ಸತ್ಯವನ್ನು ಮರೆಮಾಚಬಾರದು. 1622ರಲ್ಲಿ ಕಂಪೆನಿಯು ಚೀನದ ವ್ಯಾಪಾರವನ್ನು ಬಲಾತ್ಕಾರದಿಂದ ಪಡೆಯಲು ಕಳುಹಿಸಿದ ನೌಕಾಪಡೆಯಲ್ಲಿ ಬೊಂಟೆಕೂ ಇದ್ದನು. ಚೀನದ ಕರಾವಳಿಯಲ್ಲಿ ದೋಣಿಗಳನ್ನೂ ಹಳ್ಳಿಗಳನ್ನೂ ಸುಟ್ಟರು. ಹಿಡಿದ ಜನರನ್ನು ಪೆಸ್ಕಡೋರ್ ದ್ವೀಪಗಳಲ್ಲಿ ಕೋಟೆ ಕಟ್ಟುವ ಬಿಟ್ಟಿ ದುಡಿಮೆಗೆ ಹಚ್ಚಿದರು. ಅವರಲ್ಲಿ ಅನೇಕರು ಸತ್ತರು. ತನ್ನ ದೋಣಿಯ ಹುಡುಗರಿಗಾಗಿ ಬೇಡಿದ ಅದೇ ಮನುಷ್ಯನು ಇದನ್ನೆಲ್ಲ ನಿತ್ಯದ ಕೆಲಸದಂತೆ ಮಾಡಿದನು, ನಿತ್ಯದ ಕೆಲಸದಂತೆಯೇ ದಿನಚರಿಯಲ್ಲಿ ಬರೆದಿಟ್ಟನು. ಅವನ ಕರುಣೆಗೆ ದೋಣಿಯ ಅಂಚೇ ಗಡಿಯಾಗಿತ್ತೇನೋ.

ಮರಳಿ ಮನೆಗೆ

1625ರಲ್ಲಿ ಬೊಂಟೆಕೂ ಹಾಲಂಡಿಯಾ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಹೊರಟನು. ಜೊತೆಗಿದ್ದವು ಗೌಡಾ, ಮಿಡಲ್‌ಬರ್ಗ್ ಎಂಬ ಇನ್ನೆರಡು ಹಡಗುಗಳು. ಹಿಂದೂ ಮಹಾಸಾಗರದ ಚಂಡಮಾರುತದಲ್ಲಿ ಗೌಡಾ ಕಣ್ಮರೆಯಾಯಿತು. ಮಿಡಲ್‌ಬರ್ಗ್ ಕೂವೆಮರಗಳನ್ನು ಕಳೆದುಕೊಂಡಿತು. ಬೊಂಟೆಕೂ ತನ್ನಲ್ಲಿದ್ದ ಮರಗಳನ್ನು ಹಂಚಿಕೊಟ್ಟನು. ಆದರೂ ಆ ಹಡಗು ಊರು ಸೇರಲಿಲ್ಲ. ದಕ್ಷಿಣ ಅಮೆರಿಕದ ತುದಿಗೆ ತನ್ನೂರು ಹೋರ್ನಿನ ಹೆಸರಿಟ್ಟ ಪ್ರಸಿದ್ಧ ನಾವಿಕ ವಿಲ್ಲೆಮ್ ಸ್ಕೌಟನ್ ಅದರಲ್ಲಿದ್ದು, ಮಡಗಾಸ್ಕರಿನ ಕೊಲ್ಲಿಯಲ್ಲಿ ತೀರಿಕೊಂಡನು.

ಮನೆಗೆ ಸಮೀಪಿಸಿದ ಮೇಲೆ ನಡೆದ ಪ್ರಸಂಗವೊಂದು ಹೋಟೆಲುಗಾರರಿಗೆ ರುಚಿಸೀತು. ಐರ್ಲೆಂಡಿನ ಕಿನ್ಸೇಲ್ ಬಂದರಿನಲ್ಲಿ ಹಡಗು ನಿಂತಾಗ ನಾವಿಕರು ದಡಕ್ಕಿಳಿದು ಖಾನಾವಳಿಗಳಲ್ಲಿ ಸಾಲದ ಮೇಲೆ ತಿಂದು ಕುಡಿದು, ಹಡಗಿಗೆ ಮರಳುವುದನ್ನೇ ಮರೆತರು. ಬೊಂಟೆಕೂ ಊರಿನ ಮುಖ್ಯಸ್ಥನಿಂದ ಡಂಗುರ ಹೊಡೆಸಿದನು: ಗೊತ್ತಾದ ಮಿತಿಯನ್ನು ಮೀರಿ ಸಾಲ ಕೊಟ್ಟವರಿಗೆ ಆ ಹಣ ಸಲ್ಲಲಾರದು. ಮರುಕ್ಷಣವೇ ಖಾನಾವಳಿಯವರು ಗಿರಾಕಿಗಳನ್ನು ತಾವೇ ಹೊರಗಟ್ಟಿದರು! 1625ರ ನವೆಂಬರದಲ್ಲಿ ಬೊಂಟೆಕೂ ತಾಯ್ನಾಡನ್ನು ಸೇರಿ, ಮುಂದಿನ ವರ್ಷ ವಿವಾಹವಾಗಿ, ಹೋರ್ನಿನಲ್ಲಿಯೇ ಶಾಂತವಾಗಿ ನೆಲೆಸಿದನು.

ಗ್ರಂಥ

ದಿನಚರಿಯ ಹಸ್ತಪ್ರತಿಯು ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿಯೇ ಇದ್ದಿತು. ಅದು ಅಚ್ಚಿಗೆ ಯೋಗ್ಯವೆಂದು ಬರೆದವನಿಗೇ ನಂಬಿಕೆಯಿರಲಿಲ್ಲ. ಹೋರ್ನಿನ ಮುದ್ರಕ ಯಾನ್ ಡ್ಯೂಟೆಲನು ಬಲವಂತದಿಂದ ಒಪ್ಪಿಸಿ 1646ರಲ್ಲಿ ಪ್ರಕಟಿಸಿದನು. ಪುಸ್ತಕವು ಕೈಯಿಂದ ಕೈಗೆ ಹಾರಿತು. ಮುದ್ರಣದ ಮೇಲೆ ಮುದ್ರಣವಾಯಿತು. ಅಲಂಕಾರವಿಲ್ಲದ ಆ ನಾವಿಕನ ಭಾಷೆಯನ್ನು ಸಾಮಾನ್ಯ ಜನರೂ ಓದಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮ ಜಾವಾದ ಸುಂಡಾ ಭಾಷೆಗೂ ಅದು ಇಳಿಯಿತು. ಬೊಂಟೆಕೂ 1657ರಲ್ಲಿ ತೀರಿಕೊಂಡನು. 1924ರಲ್ಲಿ ಯೋಹಾನ್ ಫ್ಯಾಬ್ರಿಷಿಯಸ್ ಎಂಬ ಲೇಖಕನು, ತಾನೇ ಜಾವಾದಲ್ಲಿ ಹುಟ್ಟಿದವನು, ಕಪ್ತಾನನ ಹಡಗಿನ ಹುಡುಗರನ್ನು ನಾಯಕರನ್ನಾಗಿಸಿ ಕಾದಂಬರಿ ಬರೆದನು. ಬಂದರಿನ ಕಟ್ಟೆಯ ಮೇಲೆ ಕುಳಿತ ಮೂವರು ಅವರೇ.

ಅದೇ ಹೋರ್ನಿನ ಪೇಟೆಯ ಚೌಕದಲ್ಲಿ 1893ರಲ್ಲಿ ಕೂನನ ಎತ್ತರದ ಪ್ರತಿಮೆಯನ್ನು ನಿಲ್ಲಿಸಿದರು. ಬಂಡಾದ ರಕ್ತವನ್ನು ನೆನೆದು ಅವನ ಊರಿನವರೇ ಆ ಪ್ರತಿಮೆಯ ಬಗೆಗೆ ವಾದಿಸಿದ್ದಾರೆ. ಹುಡುಗರ ಪ್ರತಿಮೆಗಳ ಬಗೆಗೆ ಅಂಥ ಜಗಳವಿಲ್ಲ.

ನಮ್ಮ ಹಿರಿಯರಲ್ಲಿ ಅನೇಕರು ಎಳೆಯ ವಯಸ್ಸಿನಲ್ಲಿ ಮಂಗಳೂರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಬಂದು, ಲೋಟ ತೊಳೆಯುವಲ್ಲಿಂದ ಬಾಳನ್ನು ಆರಂಭಿಸಿದವರು. ಅವರು ಉಳಿದು ಬೆಳೆದುದು ಕೇವಲ ಸ್ವಂತ ಸಾಮರ್ಥ್ಯದಿಂದಲ್ಲ. ಕಷ್ಟದ ದಿನದಲ್ಲಿ ಅವರ ಪರವಾಗಿ ಇನ್ನೂ ಮೂರು ದಿನ ತಾಳಿರೆಂದು ಹೇಳಿದ ಹಿರಿಯನೊಬ್ಬನು ಎಲ್ಲಿಯೋ ಇದ್ದುದರಿಂದ. ಅಂಥವನ ಹೆಸರು ಪುಸ್ತಕದಲ್ಲಿ ಸಿಕ್ಕುವುದು ಅಪೂರ್ವ. ಸಿಕ್ಕಿದಾಗ ಅವನ ಗುಣವನ್ನೂ ದೋಷವನ್ನೂ ಒಟ್ಟಿಗೆ ಓದಿ ನೆನೆಯುವುದು ನಮ್ಮ ಕರ್ತವ್ಯ.